ಈರುಳ್ಳಿಯ ಪಕ್ಕ ಕೂರದ ಟ್ಯುಲಿಪ್ ಗೆಡ್ಡೆ

ಚಳಿ ಉಣ್ಣದೆ ಹೂ ಬಿಡುವುದಿಲ್ಲವಂತೆ ಎಂದು ಸೊಸೆ ಸುನೀತಿ ಟ್ಯುಲಿಪ್ ಗೆಡ್ಡೆಯನ್ನು ಫ್ರಿಜ್ಜಿನಲ್ಲಿಟ್ಟಳು. ಹೆಚ್ಚುವಾಗ ಕಣ್ಣು ಉರಿಯಬಾರದೆಂದು ಆ ಮನೆಯ ಈರುಳ್ಳಿಯೂ ಅಲ್ಲೇ ಇರುತ್ತಿತ್ತು. ಗೆಡ್ಡೆಯ ಜಂಭ ಏನು ಕೇಳುತ್ತೀರಿ.

"ದೂರ ಸರಿ. ನಮ್ಮಜ್ಜಿಯನ್ನು ಕೊಳ್ಳಲು ಹಾಲೆಂಡಿನಲ್ಲಿ ಜನ ಮನೆ ಮಾರಿದ್ದರು."

"ಮನೆಹಾಳಿ ಅನ್ನು. ಅದನ್ನೂ ಹೇಳಿಕೊಂಡು ಮೆರೆಯುತ್ತೀಯಲ್ಲ," ಎಂದಿತು ಈರುಳ್ಳಿ. ಫ್ರಿಜ್ಜಿನ ಬಾಗಿಲು ತೆರೆದಾಗ ಉರುಳಿ ಹೊರಗಿನ ಬುಟ್ಟಿ ಸೇರಿತು.

ಬೆಳಿಗ್ಗೆ ಅತ್ತೆ ಉಪ್ಪಿಟ್ಟಿಗೆಂದು ಫ್ರಿಜ್ಜಿಗೆ ಕೈ ಹಾಕಿದರು. ಕನ್ನಡಕವಿಲ್ಲದ ಕಣ್ಣು, ಕೈಗೆ ಸಿಕ್ಕಿದ್ದು ಅದೊಂದೇ ಗುಂಡನೆಯ ಗೆಡ್ಡೆ. ಈಳಿಗೆಮಣೆ ಕಂಡದ್ದೇ ಮಹಾರಾಣಿಗೆ ನೆಂಟಸ್ತಿಕೆ ಹುಟ್ಟಿತು.

"ಅಕ್ಕಾ, ನಾನು ನೀನಲ್ಲವೆಂದು ಇವರಿಗೆ ತೋರಿಸು."

"ಈಗ ಅಕ್ಕ ಆದೆನೇನೇ?" ಎನ್ನುತ್ತ ಈರುಳ್ಳಿ ಬುಟ್ಟಿಯಿಂದ ಉರುಳಿ ಬಂದು ಪಕ್ಕದಲ್ಲೇ ಕೂತಿತು. ಜೋಡಿ ಕಂಡ ಮೇಲೆ ಅತ್ತೆ ಎರಡನ್ನೂ ಮೂಸಿದರು, ಘಾಟಿಲ್ಲದ್ದನ್ನು ವಾಪಸ್ ಇಟ್ಟರು.

"ಒಗ್ಗರಣೆ ಎಂದರೆ ನನಗೆ ಮದುವೆ ಮನೆ. ನೀನು ಹೋಗಿ ಹೂ ಬಿಡು," ಎಂದು ಈರುಳ್ಳಿ ಚಟಪಟ ಬಾಣಲೆಗೆ ಇಳಿಯಿತು.

ಕುಂಡದಲ್ಲಿ ಕೆಂಪಗೆ ಅರಳಿದ ಟ್ಯುಲಿಪ್ಪನ್ನು ದುಂಬಿ ಕೇಳಿತು, "ನಿಮ್ಮದು ಯಾವ ಮನೆತನ?"

"ನಮ್ಮಕ್ಕ ಉಪ್ಪಿಟ್ಟಿಗೆ ಹೋದವಳು," ಎಂದಿತು ಟ್ಯುಲಿಪ್ ತಲೆಯೆತ್ತಿ. "ಮನೆಮಂದಿಯೆಲ್ಲ ಇನ್ನೊಮ್ಮೆ ಬಡಿಸಿಕೊಂಡರು."