ಅರವಟ್ಟಿಗೆಯ ಬಳಿಯ ಹೊರೆಗಲ್ಲು

ಮಾತೆ ದೇವೀರಮ್ಮನವರು ಮಠ ಕಟ್ಟಲಿಲ್ಲ, ಪೀಠವೇರಲಿಲ್ಲ. ಕಣಿವೆಯ ಸಂತೆದಾರಿಯಲ್ಲಿ, ಹುಣಸೆಮರದ ಕೆಳಗೆ ಗರಿ ಹೊದಿಸಿದ ಅರವಟ್ಟಿಗೆಯೇ ಅವರ ಆಶ್ರಮ; ಬಂದವರ ಬೊಗಸೆಗೆ ನೀರೆರೆಯುವುದೇ ಅವರ ಪೂಜೆ. ಪಕ್ಕದಲ್ಲಿ ಆಳೆತ್ತರದ ಎರಡು ಕಲ್ಲುಗಂಬಗಳು ಬೋಳಾಗಿ ನಿಂತಿದ್ದವು. ಹಿಂದೆ ಅವುಗಳ ಮೇಲೊಂದು ಅಡ್ಡಚಪ್ಪಡಿ ಇತ್ತು. ತಲೆಹೊರೆ ಹೊತ್ತು ಬಂದವರು ಯಾರ ಹಂಗೂ ಇಲ್ಲದೆ ಅದರ ಮೇಲೆ ಹೊರೆ ಜಾರಿಸಿ ದಣಿವಾರಿಸಿಕೊಳ್ಳುತ್ತಿದ್ದರು. ತುಂಬಿದ ಬಸುರಿಯಾಗಿಯೇ ತೀರಿಕೊಂಡ ಅಕ್ಕಯ್ಯಮ್ಮನೆಂಬ ಹೆಣ್ಣುಮಗಳ ಹೆಸರಿನಲ್ಲಿ, ಅವಳ ಇಳಿಯದ ಹೊರೆ ಹೀಗಾದರೂ ಇಳಿಯಲೆಂದು, ತವರಿನವರು ನಿಲ್ಲಿಸಿದ್ದ ಹೊರೆಗಲ್ಲು ಅದು.

ಒಂದು ಮಟಮಟ ಮಧ್ಯಾಹ್ನ ಅಲ್ಲಿಗೆ ಆವಲಪ್ಪ ಬಂದ. ಊರಿನ ಅನುಕೂಲಸ್ಥ, ದೇವರು ದಿಂಡರೆಂದರೆ ನಗುವ ಆಸಾಮಿ. ಆದರೆ ಹೊಸ ಮನೆಯ ಗೃಹಪ್ರವೇಶವಾದಂದಿನಿಂದ ಅವನ ನೆತ್ತಿಯ ಮೇಲೆ ಕಾಣದ ಭಾರವೊಂದು ಕೂತಿತ್ತು. ಕತ್ತು ಬಗ್ಗುತ್ತ ಬಗ್ಗುತ್ತ ಗದ್ದ ಎದೆಗೆ ತಾಗಿತ್ತು. ಡಾಕ್ಟರು ಮೂಳೆ ಸರಿಯಿದೆ ಎಂದರು. ಜನರನ್ನು ಅವರ ಪಾದ ನೋಡಿ ಗುರುತಿಸುವ ಗತಿ ಬಂದಿತ್ತು, ಪಾಪ. ಅದನ್ನೂ ಸಹಿಸಿದ್ದ. ಆದರೆ ಆ ಬೆಳಿಗ್ಗೆ ಬಸುರಿ ಹೆಂಡತಿ, "ನನ್ ನೆತ್ತಿ ಮ್ಯಾಲೂ ಏನೋ ಕೂತಂಗೈತೆ ಕಣ್ರೀ" ಎಂದಾಗ ಅವನ ಜೀವ ಬಾಯಿಗೆ ಬಂತು.

"ಅಮ್ಮಾ, ನಂಗೇನಾದ್ರೂ ಆಗ್ಲಿ. ಅವಳನ್ನೂ ಮಗೂನೂ ಉಳ್ಸಿಕೊಡಿ" ಎಂದು ಅತ್ತ.

ಮಾತೆಯವರು ಏನನ್ನೂ ಕೇಳಲಿಲ್ಲ. ನೀರೆರೆದು, "ಆ ಎರಡು ಕಲ್ಲಿನ ನಡುವೆ ನಿಂತ್ಕೊ ಮಗಾ. ಹೊತ್ತು ಬಂದೋರ ಹೊರೆ ಇಳ್ಸು" ಎಂದರಷ್ಟೆ.

ಆವಲಪ್ಪ ಕಂಬಗಳ ಬುಡ ನೋಡಿದ. ಅಡ್ಡಚಪ್ಪಡಿ ತನ್ನ ಮನೆ ಬಾಗಿಲ ಮೆಟ್ಟಿಲಾಗಿರುವ ಸಂಗತಿ ಈ ತಾಯಿಗೆ ಗೊತ್ತೇ? ಈಗ ಬಸ್ಸು ಲಾರಿಗಳ ಕಾಲ, ಯಾರು ತಲೆಹೊರೆ ಹೊರುತ್ತಾರೆಂದು ತಾನೇ ಅದನ್ನು ಗಾಡಿಗೆ ಹೇರಿಸಿಕೊಂಡು ಹೋಗಿದ್ದ. ಕಂಬಗಳ ನಡುವೆ ಹೋಗಿ ನಿಂತ.

ಸೌದೆಯ ಹೆಂಗಸರು ಬಂದರು, ಇಳಿಸಿಕೊಟ್ಟ. ಮಡಕೆ ಹೊತ್ತ ಮುದುಕ ಬಂದ, ಇಳಿಸಿಕೊಟ್ಟ. ದಾರಿ ಬರಿದಾಯಿತು. ಹುಣಸೆಯ ಒಂದೆಲೆಯೂ ಅಲುಗುತ್ತಿರಲಿಲ್ಲ. ಆಗ ಅವನೆದುರು ಎರಡು ಪಾದಗಳು ಬಂದು ನಿಂತವು. ಕಾಲುಂಗುರವಿತ್ತು, ಒಡೆದ ಹಿಮ್ಮಡಿಯಿತ್ತು. ನೆಲದ ಮೇಲೆ ಹೊರೆಯ ನೆರಳು ಬಿದ್ದಿತ್ತು. ಹೊತ್ತವಳ ನೆರಳು ಇರಲಿಲ್ಲ.

"ಒಸಿ ಇಳ್ಸಣ್ಣಾ. ನೀನು ಕಲ್ಲು ತಗಂಡೋದಾಗಿಂದ ಹೊತ್ಕಂಡೇ ನಿಂತಿವ್ನಿ."

ಕೈಗಳನ್ನು ಮೇಲೆತ್ತಿದ. ತಣ್ಣಗಿನ, ಅಸಾಧ್ಯ ಭಾರದ ಕಲ್ಲು ಅಂಗೈಗೆ ತಗುಲಿತು. ತನ್ನ ಮೆಟ್ಟಿಲಿನ ಒಡೆದ ಮೂಲೆ ಬೆರಳಿಗೆ ಗುರುತು ಸಿಕ್ಕಿತು.

"ಅಮ್ಮಾ! ಎಲ್ಲಿ ಇಳಿಸ್ಲಿ?" ಎಂದು ಚೀರಿದ.

"ಎಲ್ಲಿಂದ ತಂದ್ಯೋ ಅಲ್ಲಿ" ಎಂದರು ಮಾತೆಯವರು.

ಕೈ ಬರಿದಾಗಿತ್ತು. ಎದುರಿಗೆ ಪಾದಗಳಿರಲಿಲ್ಲ.

ಆವಲಪ್ಪ ಮನೆಗೆ ಓಡಿದ. ದಿನವೂ ತುಳಿದು ದಾಟುತ್ತಿದ್ದ ಮೆಟ್ಟಿಲಿಗೆ ಹಣೆ ಹಚ್ಚಿ ತಪ್ಪಾಯಿತೆಂದು ಬೇಡಿಕೊಂಡ. ಹಾರೆ ಹಿಡಿದು ತಾನೇ ಕಿತ್ತ. ಮರುದಿನ ಮಧ್ಯಾಹ್ನ ಆಳುಗಳೊಂದಿಗೆ ಗಾಡಿಯಲ್ಲಿ ತಂದು ಕಂಬಗಳ ಮೇಲೆ ಕೂರಿಸಿದ. ಕಲ್ಲು ಕೂತ ಗಳಿಗೆಯಲ್ಲೇ, ಯಾರೂ ಇಲ್ಲದ ಕಡೆಯಿಂದ ಹೆಣ್ಣುದನಿಯೊಂದು ಕೇಳಿಸಿತು.

"ಉಸ್ಸಪ್ಪಾ..."

ಆಳುಗಳು ಹಾರೆ ಬಿಸಾಕಿ ಓಟ ಕಿತ್ತರು. ಆವಲಪ್ಪ ಓಡಲಿಲ್ಲ. ಅವನ ಕತ್ತು ತಾನಾಗಿ ಮೇಲೆದ್ದಿತ್ತು. ಎಷ್ಟೋ ಕಾಲದ ಮೇಲೆ ಆಕಾಶ ಕಂಡು ಮಗುವಿನಂತೆ ಅಳುತ್ತಿದ್ದ.

ದೇವೀರಮ್ಮನವರು ತಂಬಿಗೆ ಹಿಡಿದು ನಿಧಾನವಾಗಿ ಕಲ್ಲಿನ ಬಳಿಗೆ ಬಂದರು. "ದಣಿದಿದ್ದೀಯ, ಕುಡಿಯಮ್ಮಾ" ಎಂದು ಬಯಲಿಗೆ ನೀರೆರೆದರು. ಆವಲಪ್ಪ ಕಣ್ಣಾರೆ ಕಂಡ: ತಂಬಿಗೆ ಪೂರಾ ಬರಿದಾಯಿತು, ಕೆಳಗಿನ ಮಣ್ಣು ಒಂದು ಹನಿಯೂ ನೆನೆಯಲಿಲ್ಲ.

ಹೆಂಡತಿಗೆ ಸುಖವಾಗಿ ಹೆರಿಗೆಯಾಯಿತು. ಮಗಳಿಗೆ ಅಕ್ಕಯ್ಯಮ್ಮನೆಂದೇ ಹೆಸರಿಟ್ಟರು. ಮಾತೆಯವರು ಲಿಂಗೈಕ್ಯರಾದ ಮೇಲೂ ಆ ಅರವಟ್ಟಿಗೆ ಒಣಗಲಿಲ್ಲ. ಬೇಸಗೆಯಿಡೀ ಅಲ್ಲಿ ಆವಲಪ್ಪನೇ ನೀರೆರೆಯುತ್ತಿದ್ದ. ದಿನವೂ ದಾರಿಯಲ್ಲಿ ಜನ ಕಾಣುವ ಮುಂಚೆ, ಕಲ್ಲಿನ ಬುಡದಲ್ಲಿ, ಮೊದಲ ತಂಬಿಗೆಯನ್ನು ಕಲ್ಲಿನ ಅಕ್ಕಯ್ಯಮ್ಮನಿಗೆ ಎರೆದೇ ಮುಂದಿನವರನ್ನು ಕರೆಯುತ್ತಿದ್ದ.