ಗಾಳೆವ್ವ ಬಸುರಿಗೆ ಕೇಳಿದ ಮಾತು

ಕೇಳ್ರವ್ವಾ, ಬಾಳ ಹಿಂದಿನ ಮಾತಿದು. ಹೊಳಿ ದಂಡಿಗೆ ಒಂದೂರು. ಆ ಊರಾಗ ಗಾಳೆವ್ವ ಅಂತ ಒಬ್ಬ ಸೂಲಗಿತ್ತಿ ಇದ್ಲಂತ. ಆಕಿ ಹೊಟ್ಟಿಮ್ಯಾಲೆ ಕೈ ಇಟ್ರ ಒಳಗಿನ ಕೂಸು ಆಕಳಿಸಿದ್ದೂ ತಿಳೀತಿತ್ತು ಅಂತಾರ. ಅಂಥಾಕಿ ಮಾಡಿದ ಒಂದು ಕೆಲಸಕ್ಕ ಊರಿಗೂರೇ ಮೂಗಿನ ಮ್ಯಾಲೆ ಬೆರಳಿಟ್ಟಿತಂತ.

ಗೌಡರ ಸೊಸಿ ನಿಂಬೆವ್ವಗ ಚೊಚ್ಚಲ ಬಸುರು. ದಿನ ತುಂಬಾಕ ಬಂದಾಗ ಗಾಳೆವ್ವ ನೋಡಾಕ ಹೋದ್ಲು. ಅತ್ತಿ ಗೌಡಸಾನಿ ಕತ್ತಲಕೋಣಿ ಸಾರಿಸಿ, ಹೊರಸು ಹಾಕಿಸಿ, ಎಲ್ಲಾ ತಯಾರ ಮಾಡಿದ್ಲು. ಗಾಳೆವ್ವ ಕೋಣಿ ಕಡೆ ತಿರುಗಿ ನೋಡ್ಲಿಲ್ಲ. ಬಸುರಿ ಮುಂದ ಕುಂತ್ಲು. ಹೆರಿಗಿ ಹೆಂಗ ಆಗತೈತಿ, ಹಗ್ಗ ಹಿಡಕೊಂಡು ಕುಕ್ಕರಗಾಲಿಲೆ ಹಡೀಬಹುದು, ಮಗ್ಗಲಾಗಿ ಮಲಗಿ ಹಡೀಬಹುದು, ಕೂಸು ಅಡ್ಡ ತಿರುಗಿದ್ರ ಏನು, ರಕ್ತ ನಿಲ್ಲದಿದ್ರ ಏನು, ಎಲ್ಲಾ ಬಿಡಿಸಿ ಹೇಳಿದ್ಲಂತ. ಕಡೀಕ ಕೇಳಿದ್ಲಂತ: "ನಿನಗ ಹೆಂಗ ಬೇಕವ್ವಾ?"

ಗೌಡಸಾನಿ ಸೆರಗಿಲೆ ಬಾಯಿ ಮುಚ್ಚಿಕೊಂಡ್ಲು. ತುಂಬಿದ ಬಸುರಿ ಮುಂದ ಅಂಥಾ ಅಪಶಕುನದ ಮಾತೇನು! ಹಡಿಯಾಕಿನ್ನ ಕೇಳೋದೇನು! ನಿಂಬೆವ್ವನೂ ಬೆದರಿದ್ಲು. ಏನು ಬೇಕಂತ ಹುಟ್ಟಿದಾಗಿಂದ ಆಕೀನ್ನ ಯಾರೂ ಕೇಳಿರಲಿಲ್ಲ. ಸಣ್ಣ ದನಿಲೆ ಹೇಳಿದ್ಲಂತ, ಕತ್ತಲಕೋಣಿ ಬ್ಯಾಡ, ಹಿಂದಿನ ಪಡಸಾಲಿ ಬೆಳಕಿನಾಗ ಆಗಲಿ, ಹಗ್ಗ ಹಿಡಕೋತೀನಿ ಅಂತ.

ಹಂಗ ಅಂತ ಮಾತಾತು. ಆದ್ರ ಬ್ಯಾನಿ ಬಂದ ದಿನ ಮುಂಜಾನೆ ಗಾಳೆವ್ವ ಹೊಟ್ಟಿ ಮುಟ್ಟಿದ್ಲು. ಮತ್ತ ಮುಟ್ಟಿದ್ಲು. ಕೂಸು ಅಡ್ಡ ಮಲಗಿತ್ತು.

"ಇದು ನನ್ನ ಕೈಲೆ ಆಗಂಗಿಲ್ಲವ್ವಾ," ಅಂದ್ಲು. "ಹೊಳಿ ಆಚಿ ಹುಸೇನಬಿ ಕೂಸು ತಿರುಗಿಸ್ತಾಳ. ಆಕೀನ್ನ ಕರಕೊಂಡು ಬರೂವಷ್ಟು ಹೊತ್ತಿಲ್ಲ. ನಾವ ಹೋಗಬೇಕು."

ಮನಿಯಾಗಿದ್ದವರು ದಂಗಬಡದು ನಿಂತ್ರು. ಗಾಳೆವ್ವ ಆಗಂಗಿಲ್ಲ ಅನ್ನೋದ? ಅದೂ ಹುಸೇನಬಿ ಹೆಸರು ಹೇಳೋದ? ಇಬ್ಬರು ಸೂಲಗಿತ್ತ್ಯಾರೂ ಮಾತು ಬಿಟ್ಟು ವರ್ಸಾನುಗಟ್ಲೆ ಆಗಿತ್ತು. ಗೌಡ ಬಾಗಲಿಗೆ ಅಡ್ಡ ನಿಂತ. ಬ್ಯಾನಿ ತಿನ್ನೋ ಸೊಸಿ ಹೊಸ್ತಿಲ ದಾಟಿದ್ರ ಮನಿತನದ ಮರ್ಯಾದಿ ಹೋಗತೈತಿ ಅಂದ.

ಗಾಳೆವ್ವ ನಿಂಬೆವ್ವನ ಕಡೆ ತಿರುಗಿದ್ಲು. ಇಲ್ಲೇ ಇದ್ರ ಏನಾಗಬಹುದು, ಹೊಳಿಯಾಗ ಹೋದ್ರ ಏನಾಗಬಹುದು, ಎರಡೂ ಬಸುರಿಗೆ ಹೇಳಿದ್ಲು. ಎರಡರಾಗೂ ಜೀವದ ಅಂಜಿಕಿ ಇತ್ತು.

ನಿಂಬೆವ್ವ ಗ್ವಾಡಿ ಹಿಡಕೊಂಡು ಎದ್ದು ನಿಂತ್ಲು. "ಮಾವಾ, ದಾರಿ ಬಿಡ್ರಿ. ನಾ ಹೋಗ್ತೀನಿ."

ಸೊಸಿ ಮಾವನ ಮಾರಿ ನೋಡಿ ಮಾತಾಡಿದ್ದು ಆ ಮನ್ಯಾಗ ಅದೇ ಮೊದಲು ಅಂತಾರ. ಗೌಡ ಸರಿದ. ಹಾಡಹಗಲು, ಗಂಡಸರ ಮುಂದ, ಓಣಿಯಾಗ ಕುಂತು ಎದ್ದು, ಚೀರಕೋತ ಗೌಡರ ಸೊಸಿ ನಡದ್ಲು. ಕಟ್ಟಿಮ್ಯಾಲಿನ ಹೆಂಗಸರು ಕಣ್ಣು ಮುಚ್ಚಿಕೊಂಡ್ರು. ನಿಂಬೆವ್ವ ಗಾಳೆವ್ವನ ಕೂಡ ಹರಗೋಲು ಏರಿದ್ಲು.

ಚೀರೋದು ಕೇಳಿ ಆಚಿ ದಂಡಿಗೆ ಹುಸೇನಬಿ ಓಡಿ ಬಂದ್ಲು. ಆಕಿ ಅಂಗೈಗೆ ಎಣ್ಣಿ ಹಚ್ಚಿಕೊಂಡು ಹೊಟ್ಟಿ ನೀವಿ ನೀವಿ ಕೂಸು ತಿರುವಿದ್ಲು, ಗಾಳೆವ್ವ ಬಸುರಿ ಬೆನ್ನಿಗೆ ಬೆನ್ನು ಕೊಟ್ಟು ಕುಂತ್ಲು. ನಿಂಬೆವ್ವ ಇಬ್ಬರ ಸೆರಗೂ ಹಿಡಕೊಂಡಿದ್ಲಂತ. ಇಳಿಹೊತ್ತಿಗೆ ಮಳಲ ಮ್ಯಾಲೆ, ಬಿಸಲಾಗ, ಕೂಸು ಅತ್ತಿತು. ಹೆಣ್ಣುಕೂಸು. ತಾಯಿನೂ ಉಳದ್ಲು.

ಗಾಳೆವ್ವ ಹೋಗಿ ಯಾವ ಕಾಲಾತೋ. ಇವತ್ತಿಗೂ ಆ ಊರಾಗ, ದವಾಖಾನಿಗೆ ಹೋಗೋದಿರಲಿ, ಮನ್ಯಾಗ ಹಡಿಯೋದಿರಲಿ, ದಿನ ತುಂಬಿದ ಬಸುರಿನ್ನ ಮಣಿಮ್ಯಾಲೆ ಕುಂಡ್ರಸ್ತಾರ. ಮನಿ ಗಂಡಸರು ನೆಲಕ್ಕ ಕುಂತು ಆಕಿ ಹೇಳಿದ್ದು ಕೇಳ್ತಾರ. ಆಕಿ ಮಾತು ಮುಗಿಯೋತನಕ ಮನಿ ಹಿರ್ಯಾನೂ ಏಳಂಗಿಲ್ಲ.