ಇಳಿಜಾರಿನ ನೇರ ಬೀದಿ

"ಗುರುಗಳೇ, ಬೇರೆ ಊರಿನಲ್ಲಿ ಕಂಡ ಒಳ್ಳೆಯದನ್ನು ನಮ್ಮ ಊರಿಗೆ ತಂದರೆ ತಪ್ಪೇನು?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಗುಡ್ಡದ ಇಳಿಜಾರಿನಲ್ಲಿ ಒಂದು ಊರಿತ್ತು. ಅದರ ಓಣಿಗಳೆಲ್ಲ ಡೊಂಕು. ಎರಡು ಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕು. ಊರಿನ ದೊರೆ ತನ್ನ ಸ್ಥಪತಿಯನ್ನು ಕರೆದು, ಒಳ್ಳೆಯ ಪಟ್ಟಣಗಳನ್ನು ನೋಡಿಕೊಂಡು ಬಾ ಎಂದು ಕಳುಹಿಸಿದ. ಸ್ಥಪತಿ ಪ್ರಾಮಾಣಿಕ. ಬಯಲುಸೀಮೆಯ ಒಂದು ಪಟ್ಟಣಕ್ಕೆ ಹೋದ. ಅಲ್ಲಿ ಅರಮನೆಯಿಂದ ಹೆಬ್ಬಾಗಿಲಿನವರೆಗೆ ನೂಲು ಹಿಡಿದಂತೆ ಒಂದೇ ಬೀದಿ. ಮೂರು ದಿನ ನಿಂತು, ಅಳತೆ ತೆಗೆದು, ನಕ್ಷೆ ಬರೆದುಕೊಂಡು ಬಂದ.

ಓಣಿಗಳನ್ನು ಕೆಡವುವ ಕೆಲಸ ಶುರುವಾಯಿತು. ತಿರುವಿನ ಮನೆಯೊಂದರಲ್ಲಿ ಕುಂಬಾರ ಮುದುಕಿಯೊಬ್ಬಳು ಮೊಮ್ಮಗಳೊಡನೆ ಇದ್ದಳು.

"ಅಪ್ಪಾ, ಮಳೆಯ ನೀರು ಈ ಗೋಡೆಗೆ ಬಡಿದು ನಿಧಾನವಾಗುತ್ತದೆ. ಅದಕ್ಕೇ ಹಿರಿಯರು ಇಲ್ಲಿ ಗೋಡೆ ಹಾಕಿದ್ದು" ಎಂದಳು.

"ಆ ಪಟ್ಟಣದಲ್ಲಿ ಇಂಥ ಗೋಡೆ ಒಂದೂ ಇಲ್ಲ, ಅಜ್ಜಿ. ಅವರಿಗೆ ಏನೂ ಆಗಿಲ್ಲ" ಎಂದ ಸ್ಥಪತಿ. ಅವಳಿಗೆ ಅನ್ಯಾಯವಾಗಬಾರದೆಂದು ಬೀದಿಯ ಕೆಳತುದಿಯಲ್ಲಿ, ಹೆಬ್ಬಾಗಿಲ ಪಕ್ಕ, ಮೊದಲಿಗಿಂತ ದೊಡ್ಡ ಮನೆಯನ್ನೇ ಕಟ್ಟಿಸಿಕೊಟ್ಟ.

ಬೀದಿ ಮುಗಿಯಿತು. ನೋಡಲು ದೂರದೂರದಿಂದ ಜನ ಬಂದರು. ಹತ್ತು ದಿನದ ದಾರಿಯಲ್ಲಿದ್ದ ಇನ್ನೊಂದು ಗುಡ್ಡದ ಊರಿನವರು ನಕ್ಷೆಯ ನಕಲು ಕೇಳಿದರು. ಸ್ಥಪತಿ ಸಂತೋಷದಿಂದಲೇ ಬರೆದುಕೊಟ್ಟ.

ಎರಡು ಮಳೆಗಾಲ ಸಣ್ಣ ಮಳೆಯಲ್ಲೇ ಕಳೆದವು. ಮೂರನೆಯದರಲ್ಲಿ ಒಂದು ಮಧ್ಯಾಹ್ನ ಗುಡ್ಡದ ನೀರೆಲ್ಲ ಒಟ್ಟಾಗಿ ಆ ಬೀದಿಯಲ್ಲೇ ಇಳಿಯಿತು. ತಡೆಯಲು ಒಂದು ತಿರುವೂ ಇರಲಿಲ್ಲ. ಹೆಬ್ಬಾಗಿಲ ಬಳಿಯ ಹನ್ನೊಂದು ಮನೆಗಳು ಕೊಚ್ಚಿಹೋದವು. ಮುದುಕಿಯನ್ನೂ ಮೊಮ್ಮಗಳನ್ನೂ ಕೆಸರಿನಿಂದ ಎತ್ತಿದವನು ಸ್ಥಪತಿಯೇ. ಹುಡುಗಿಯ ಕೈ ಅಜ್ಜಿಯ ಸೆರಗನ್ನು ಬಿಟ್ಟಿರಲಿಲ್ಲ.

ಅವರನ್ನು ಮಣ್ಣು ಮಾಡಿ, ಅವನು ಹತ್ತು ದಿನ ನಡೆದು ಆ ಇನ್ನೊಂದು ಊರಿಗೆ ಹೋದ. ಊರಿನವರು ಹಾರ ಹಾಕಿ ಬರಮಾಡಿಕೊಂಡು, ತಮ್ಮ ಹೊಸ ಬೀದಿಯನ್ನು ತೋರಿಸಿದರು. ಅವನು ನಡೆದದ್ದನ್ನೆಲ್ಲ ಹೇಳಿದ. ಕೆಡವಿದ ಗೋಡೆಗಳನ್ನು ಮತ್ತೆ ಕಟ್ಟಿ ಎಂದು ಕೈಮುಗಿದ. ಊರ ಹಿರಿಯ ಸಮಾಧಾನದಿಂದ ಕೇಳಿಸಿಕೊಂಡು, "ನಿಮ್ಮೂರಿನಂಥ ಬೀದಿ ನಮಗೂ ಆಯಿತಲ್ಲ ಎಂದು ನಿಮಗೆ ಸಂಕಟ" ಎಂದ. ಉಳಿದವರು ನಕ್ಕರು. ಸ್ಥಪತಿ ತನ್ನ ಊರಿಗೆ ಮರಳಲಿಲ್ಲ. ಆ ಬೀದಿಯ ಕೆಳತುದಿಯಲ್ಲೇ ಗುಡಿಸಲು ಹಾಕಿಕೊಂಡು, ಹೋಗಿಬರುವವರಿಗೆಲ್ಲ ಅದನ್ನೇ ಹೇಳುತ್ತ ಉಳಿದ.

ಗುರುಗಳು ಮಾತು ನಿಲ್ಲಿಸಿದರು.

"ಕೊನೆಗಾದರೂ ಅವರು ಅವನನ್ನು ನಂಬಿದರೇ?" ಎಂದು ಶಿಷ್ಯ ಕೇಳಿದ.

"ಅಲ್ಲಿ ದೊಡ್ಡ ಮಳೆ ಇನ್ನೂ ಬಂದಿಲ್ಲ" ಎಂದರು ಗುರುಗಳು.